ನಾಳೆ ಜ್ವರ ಬಂದಿತ್ತು

ದೊಡ್ಡಬಳ್ಳಾಪುರ
26 ಅಕ್ಟೋಬರ್ 2025, ಭಾನುವಾರ

ಅಂಬರೀನ್ ಬೇಟಾ,

ಸಂಜೆ ಐದೂ ಮುಕ್ಕಾಲು. ಇವತ್ತು ಮಗ್ಗಕ್ಕೆ ರಜೆ. ಬೆಳಿಗ್ಗೆ ಬಟ್ಟೆ ಒಗೆದು ಹಾಕಿದೆ. ಹನ್ನೊಂದಕ್ಕೆ ಖಬರಸ್ತಾನಕ್ಕೆ ಹೋಗಿ ನಿನ್ನ ಅಮ್ಮಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದೆ. ಮಳೆಗೆ ಮಣ್ಣು ಒಂದು ಕಡೆ ಕುಸಿದಿತ್ತು, ಕೈಯಲ್ಲೇ ಸರಿ ಮಾಡಿದೆ. ಮಧ್ಯಾಹ್ನ ಅನ್ನ, ಬೇಳೆ ಸಾರು. ಊಟಕ್ಕೆ ಏನೂ ತೊಂದರೆಯಿಲ್ಲ.

ಗಂಟೆ ಬರೆದು ಶುರು ಮಾಡುವುದು ನನ್ನ ಡೈರಿಯ ರೂಢಿ, ಕಾಗದಕ್ಕೂ ಬಂದಿದೆ. ಮಸೀದಿಯ ಬಾಂಗು ಕೇಳಿಸುವುದು ನಿಂತ ಮೇಲೆ ಗೋಡೆ ಗಡಿಯಾರ ನೋಡುವುದೇ ಕೆಲಸ. ಮೊದಲು ನಿನ್ನ ಅಮ್ಮಿ ಬಾಂಗಾಯಿತು ಎಂದು ಸೆರಗು ತಲೆಗೆ ಎಳೆದುಕೊಂಡು ತೋರಿಸುತ್ತಿದ್ದಳು.

ನಿನ್ನೆ ಪಕ್ಕದ ಮನೆ ನವಾಜ್ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದವನು, ನೀನು ಲೈನಿನಲ್ಲಿದ್ದೀಯ ಎಂದು ಫೋನ್ ನನ್ನ ಕಿವಿಗೆ ಹಿಡಿದ. ನನಗೆ ಮಗ್ಗದ ಸದ್ದೊಂದೇ ಕೇಳಿಸಿತು, ಮಗ್ಗ ನಿಂತಿದ್ದರೂ. ಮೂವತ್ತನಾಲ್ಕು ವರ್ಷದ ಸದ್ದು, ಕಿವಿ ಬಿಟ್ಟು ಹೋಗುವುದಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಫೋನಿಗೆ ತುಟಿಯಿಲ್ಲ. ಅದಕ್ಕೇ ಈ ಕಾಗದ. ಮನೆಯಲ್ಲಿ ನಾವು ಆಡುವ ಉರ್ದುವನ್ನು ಬರೆಯಲು ನನಗೆ ಬರುವುದಿಲ್ಲ, ಏಳನೇ ಕ್ಲಾಸಿನ ಕನ್ನಡವೇ ಗತಿ. ತಪ್ಪಿದ್ದರೆ ನೀನು ತಿದ್ದಿಕೊ. ಟೀಚರ್ ಟ್ರೈನಿಂಗ್ ಮುಗಿಸಿ ಶಾಲೆಯ ಮಿಸ್ ಆಗುವವಳಲ್ಲವೇ.

ಅಮ್ಮಿಯ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಬುಧವಾರ ನೀನು ಹೊರಟಾಗ ಬಸ್ಸಿನ ಕಿಟಕಿಯಿಂದ ಏನೋ ಕೇಳಿದೆ. ಗಾಜು ಕೊಳೆಯಾಗಿತ್ತು, ನಿನ್ನ ತುಟಿ ಕಾಣಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ನಿಲ್ಲಿಸಿ ಮತ್ತೆ ಕೇಳುವುದು ಹೇಗೆಂದು ತಲೆಯಾಡಿಸಿಬಿಟ್ಟೆ.

ನಿಮ್ಮ ಶಾಲೆ ಭೇಟಿ ಮತ್ತೆ ಶುರುವಾಗಿದೆ ಎಂದಿದ್ದೆ. ಅಲ್ಲಿ ಏನು ಮಾಡುತ್ತೀರಿ ಬರೆ. ವಾರ ವಾರ ಇಲ್ಲಿಗೆ ಓಡಿ ಬರುವುದು ಬೇಡ, ಓದಿಕೊ.

ನಾಳೆ ಮಗ್ಗಕ್ಕೆ ಹೊಸ ಹಾಸಿನ ನೂಲು ಏರಿಸುವುದಿದೆ.

ನಿನ್ನ ಅಬ್ಬಾ
ವಜೀರ್

*

ಹೊಸಕೋಟೆ
30 ಅಕ್ಟೋಬರ್ 2025, ಗುರುವಾರ

ಅಬ್ಬಾ, ಸಲಾಂ.

ಬಸ್ಸಿನಲ್ಲಿ ನಾನು ಕೇಳಿದ್ದು ದೊಡ್ಡ ವಿಷಯವೇನಲ್ಲ. ಬಿಡಿ.

ಇವತ್ತು ಶಾಲೆಗೆ ಹೋಗಿದ್ದೆ. ಪ್ರತಿ ಗುರುವಾರ ನಾನು ಮತ್ತು ನನ್ನ ಜೊತೆಯ ಅರ್ಪಿತ ನಂದಗುಡಿವರೆಗೆ ಬಸ್ಸಿನಲ್ಲಿ, ಅಲ್ಲಿಂದ ಹಳ್ಳಿಗೆ ಆಟೋದಲ್ಲಿ ಹೋಗುತ್ತೇವೆ. ಹೊಲಗಳಲ್ಲಿ ರಾಗಿ ತೆನೆ ಬಲಿತಿದೆ. ಶಾಲೆಯ ಕಾಂಪೌಂಡಿನ ಮೇಲೆ ಯಾರೋ 'ನಮ್ಮ ಭೂಮಿ ಕೊಡುವುದಿಲ್ಲ' ಎಂದು ಬರೆದಿದ್ದಾರೆ. ಎರಡನೇ ತರಗತಿಯ ಮಕ್ಕಳು ಬೆಳಿಗ್ಗೆ ಒಳಗೆ ಬರುವಾಗ ಅದನ್ನೇ ಕೂಡಿಸಿ ಕೂಡಿಸಿ ಓದುತ್ತಾರೆ.

ನಮಗೆ ಈಗ ಪಾಠ ಮಾಡುವ ಹಾಗಿಲ್ಲ. ಹಿಂದೆ ಕೂತು ಟೀಚರು ಏನು ಮಾಡುತ್ತಾರೆ, ಮಕ್ಕಳು ಏನು ಮಾಡುತ್ತಾರೆ ಎಂದು ನೋಡಿ ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕು, ಅಷ್ಟೇ. ನವೆಂಬರ್ ಪೂರ್ತಿ ಹೀಗೆ. ಡಿಸೆಂಬರ್ ಒಂದರಿಂದ ಪೂರ್ತಿ ದಿನದ ಇಂಟರ್ನ್‌ಶಿಪ್, ಆಗ ಬಾಯಿ ಬಿಡಬಹುದು. ಲಕ್ಕಮ್ಮ ಟೀಚರ್ ಮೊದಲ ದಿನವೇ ಹೇಳಿಬಿಟ್ಟಿದ್ದರು: "ನೀವಿಬ್ರೂ ಇಲ್ಲಿಲ್ಲ ಅಂದ್ಕೊಂಡು ನಾನು ಪಾಠ ಮಾಡ್ತೀನಿ. ನೀವೂ ಇಲ್ಲ ಅಂದ್ಕೊಂಡೇ ಕೂತ್ಕೊಳ್ಳಿ."

ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ. ನಲಿಕಲಿ ಅನ್ನುತ್ತಾರೆ. ಮಕ್ಕಳು ತರಗತಿಯ ಲೆಕ್ಕದಲ್ಲಿ ಕೂರುವುದಿಲ್ಲ. ಯಾರಿಗೆ ಎಷ್ಟು ಸಹಾಯ ಬೇಕೋ ಆ ಲೆಕ್ಕದಲ್ಲಿ ಕೂರುತ್ತಾರೆ. ಟೀಚರ ಪೂರ್ತಿ ಸಹಾಯ ಬೇಕಾದವರು ಒಂದು ಗುಂಪು, ಸ್ವಲ್ಪ ಸಾಕಾದವರು ಇನ್ನೊಂದು, ಗೆಳೆಯರ ಸಹಾಯ ಸಾಕು ಅನ್ನುವವರು ಮತ್ತೊಂದು, ಯಾರೂ ಬೇಡ ಅನ್ನುವವರು ಕಿಟಕಿ ಹತ್ತಿರ. ನಿಮಗೆ ನಗು ಬರುವ ಸಂಗತಿಯೊಂದಿದೆ. ಇಲ್ಲಿ ಅ ಆ ಇ ಈ ಇಂದ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಆಮೇಲೆ ಅ. ಬರೆಯಲು ಸುಲಭವಾದದ್ದು ಮೊದಲು. ಈ ಐದರಲ್ಲೇ ಸರ, ಅರಸ, ಗರಗಸ ಎಲ್ಲ ಬರೆಯುತ್ತಾರೆ.

ಟೀಚರ ಪೂರ್ತಿ ಸಹಾಯದ ಗುಂಪಿನಲ್ಲಿ ತಸ್ಮಿಯಾ ಎಂಬ ಹುಡುಗಿ ಇದ್ದಾಳೆ. ಆರು ವರ್ಷ. ಮನೆಯಲ್ಲಿ ನಮ್ಮ ಹಾಗೆಯೇ ಮಾತು. ಇವತ್ತು ಗೋಡೆಯ ಹಲಗೆಗೆ ನಿನ್ನೆ, ಇಂದು, ನಾಳೆ ಎಂಬ ಕಡೆ ವಾರದ ಚೀಟಿ ಸಿಕ್ಕಿಸುವ ಸರದಿ ಅವಳದು. ನಿನ್ನೆಯ ಜಾಗಕ್ಕೆ ಶುಕ್ರವಾರ ಹಾಕಿದಳು. ಮಕ್ಕಳು ನಕ್ಕರು. ಮತ್ತೆ ಟೀಚರು ಅಮ್ಮ ಎಲ್ಲಿ ಎಂದು ಕೇಳಿದರೆ, "ಚಿಂತಾಮಣಿಗೆ ಹೋಗವ್ರೆ ಮಿಸ್, ಪಾಪು ತರಕ್ಕೆ. ನಿನ್ನೆ ಬರ್ತಾರೆ" ಅಂದಳು. ಆಗ ಇಡೀ ಕೋಣೆ ನಕ್ಕಿತು. ಅರ್ಪಿತಳೂ ನಕ್ಕಳು. ನಾನೂ ಸ್ವಲ್ಪ ನಕ್ಕೆ. ಆಮೇಲೆ ಪುಸ್ತಕದಲ್ಲಿ ಬರೆದೆ: ವಿದ್ಯಾರ್ಥಿನಿಗೆ ಕಾಲವನ್ನು ಸೂಚಿಸುವ ಪದಗಳಲ್ಲಿ ಗೊಂದಲವಿದೆ.

ಗೊಂದಲ ಯಾಕೆಂದು ನಿಮಗೂ ನನಗೂ ಗೊತ್ತು. ನಮ್ಮ ಮಾತಿನಲ್ಲಿ ಹೋದದ್ದೂ ಕಲ್, ಬರುವುದೂ ಕಲ್.

ಹಾಸ್ಟೆಲಿನ ಊಟ ಪರವಾಗಿಲ್ಲ. ನೀವು ಹುಷಾರು.

ಅಂಬರೀನ್

*

ದೊಡ್ಡಬಳ್ಳಾಪುರ
5 ನವೆಂಬರ್ 2025, ಬುಧವಾರ

ಅಂಬರೀನ್ ಬೇಟಾ,

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಕರೆಂಟು ಹೋಗಿದೆ. ಎಲ್ಲರೂ ಬೀದಿಗೆ ಬಂದು, ಸದ್ಯ, ಸದ್ದು ನಿಂತಿತು ಎಂದು ಬೀಡಿ ಹಚ್ಚಿದರು. ನನಗೆ ಲಾಳಿ ನಡುವೆ ನಿಂತಿದ್ದು ಕಣ್ಣಿಗೆ ಕಂಡಿತು, ಅಷ್ಟೇ. ಮಗ್ಗದ ಮೇಲೆಯೇ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ನಮ್ಮ ಮಗ್ಗದ ಯಜಮಾನರಾದ ಚಿಕ್ಕಬೀರಪ್ಪನವರಿಗೂ ತೋರಿಸಿದೆ. ಎರಡು ಸಲ ಓದಿ, ನಾನು ತುಟಿ ನೋಡಲೆಂದು ನಿಧಾನವಾಗಿ ಹೇಳಿದರು: "ಅ ಐದನೇದಂತಾ ವಜೀರಣ್ಣ? ನಮ್ ಕಾಲದಲ್ಲಿ ಹಿಂಗಿದ್ದಿದ್ರೆ ನಾನೂ ಪಾಸಾಗ್ತಿದ್ದೆ. ನಾನು ಫೇಲಾಗಿದ್ದೇ ಅ ಇಂದ." ಮಗ್ಗದ ಮನೆಯೆಲ್ಲ ನಕ್ಕಿತು. ಯಾರಿಗೆ ಎಷ್ಟು ಸಹಾಯ ಬೇಕೋ ಹಾಗೆ ಕೂರಿಸುವುದು ನನಗೆ ಹಿಡಿಸಿತು. ದೊಡ್ಡವರನ್ನೂ ಹಾಗೆ ಕೂರಿಸಿದರೆ ಆಗುತ್ತಿತ್ತು.

ಊಟಕ್ಕೆ ತೊಂದರೆಯಿಲ್ಲ ಎಂದು ಬರೆದಿದ್ದೆ. ಕುಕ್ಕರ್ ಒಂದು ಸಲ ಸೀದುಹೋಯಿತು. ಮೊದಲು ನಿನ್ನ ಅಮ್ಮಿ ಒಳಗಿಂದ ಬೆರಳೆತ್ತಿ ಇದು ಎಷ್ಟನೇ ಕೂಗು ಎಂದು ತೋರಿಸುತ್ತಿದ್ದಳು. ಈಗ ಎದುರಿಗೇ ನಿಂತು ವಿಸಿಲಿನ ಗುಂಡು ಏಳುವುದನ್ನು ನೋಡಿ ಎಣಿಸುತ್ತೇನೆ.

ಆ ಮಗುವನ್ನು ನೋಡಿ ನಗಬೇಡ ಬೇಟಾ. ಅಷ್ಟೇ.

ಅಮ್ಮಿ ಡಬ್ಬಿಯಲ್ಲಿ ನೆಟ್ಟಿದ್ದ ಪುದೀನಕ್ಕೆ ಹುಳು ಬಿದ್ದಿದೆ. ಬೂದಿ ಹಾಕಿದ್ದೇನೆ. ಕರೆಂಟು ಬಂತು.

ನಾಳೆ ಗುರುವಾರ, ನಿನ್ನ ಶಾಲೆಯ ದಿನ.

ಅಬ್ಬಾ

*

ಹೊಸಕೋಟೆ
10 ನವೆಂಬರ್ 2025, ಸೋಮವಾರ

ಅಬ್ಬಾ,

ನಿಮ್ಮ ಕಾಗದ ಶುಕ್ರವಾರ ಸಿಕ್ಕಿತು. ನಗಬೇಡ ಎಂಬುದರ ಮುಂದೆ ನೀವು ಬರೆದ 'ಅಷ್ಟೇ' ಎಂಬುದನ್ನು ಮೂರು ದಿನದಿಂದ ಓದುತ್ತಿದ್ದೇನೆ. ನಿಮಗೆ ಎಲ್ಲ ಗೊತ್ತಿದೆ ಎಂದು ತಿಳಿಯಿತು. ಅಮ್ಮಿ ಹೇಳಿರಬೇಕು. ಆದರೂ ನಾನೇ ಬರೆಯುತ್ತೇನೆ.

ಆಗ ಮೂರನೇ ಕ್ಲಾಸು. ಎರಡು ದಿನ ಜ್ವರ ಬಂದು ಶಾಲೆಗೆ ಹೋಗಿರಲಿಲ್ಲ. ಮೂರನೇ ದಿನ ಅಮ್ಮಿ ಕೈ ಹಿಡಿದುಕೊಂಡು ಬಂದು, ಇಡೀ ಕ್ಲಾಸಿನ ಮುಂದೆ ಮಿಸ್‌ಗೆ ಹೇಳಿದಳು: "ನಮ್ ಹುಡ್ಗಿಗೆ ನಾಳೆ ಜ್ವರ ಬಂದಿತ್ತು ಮಿಸ್." ಮಿಸ್ ಮೊದಲು ನಕ್ಕರು, ಆಮೇಲೆ ಎಲ್ಲರೂ. "ನಾಳೆ ಬರೋ ಜ್ವರಕ್ಕೆ ಇವತ್ತೇ ರಜಾನಾ?" ಎಂದು ಮಿಸ್ ಕೇಳಿದರೆ, ಅಮ್ಮಿಗೆ ಅದು ತಿಳಿಯಲಿಲ್ಲ. ತನ್ನನ್ನು ನೋಡಿ ಸಂತೋಷದಿಂದ ನಗುತ್ತಿದ್ದಾರೆ ಎಂದುಕೊಂಡು ಅವಳೂ ನಕ್ಕಳು. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮುಂದೆ ಒಂದು ವರ್ಷ ನನ್ನ ಹೆಸರೇ ನಾಳೆ ಜ್ವರ.

ಅವತ್ತು ಸಂಜೆ ನಾನು ಅಮ್ಮಿಗೆ ಇನ್ನು ಮೇಲೆ ಶಾಲೆಯೊಳಗೆ ಬರಬೇಡ ಎಂದೆ. ಬಂದರೂ ಬಾಯಿ ಬಿಡಬೇಡ ಎಂದೆ. ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳು ಗೇಟಿನ ಒಳಗೆ ಕಾಲಿಡಲಿಲ್ಲ. ಡಬ್ಬಿ ತಂದರೆ ಸರಳಿನ ಸಂದಿಯಿಂದಲೇ ಕೊಡುತ್ತಿದ್ದಳು. ಮಾರ್ಕ್ಸ್ ಕಾರ್ಡ್ ದಿನ ನೀವು ಬಂದು, ಏನೂ ಕೇಳಿಸದೆ, ಮಿಸ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋಗುತ್ತಿದ್ದಿರಿ.

ಆ ಅಂಬರೀನೇ ಹಿಂದಿನ ಬೆಂಚಿನಲ್ಲಿ ಕೂತು ಆ ಮಗುವನ್ನು ನೋಡಿ ನಕ್ಕಳು.

ಇನ್ನೊಂದು ವಿಷಯ. ಬಸ್ಸಿನ ಕಿಟಕಿಯಿಂದ ಕೇಳಿದ್ದು ದೊಡ್ಡ ವಿಷಯವಲ್ಲ ಎಂದು ಸುಳ್ಳು ಬರೆದಿದ್ದೆ. ಅಮ್ಮಿ ತೀರಿಹೋದ ಗುರುವಾರ, ಸೆಪ್ಟೆಂಬರ್ ಹನ್ನೊಂದು, ನಾನು ಮೊದಲನೇ ಸಲ ಆ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಂಜೆ ನಾಲ್ಕಕ್ಕೆ ಫೋನ್ ಆನ್ ಮಾಡಿದಾಗ ನವಾಜ್ ಭಾಯಿಯ ಕರೆ ಬಂತು. ಆಗಲೇ ಎಲ್ಲ ಮುಗಿದಿತ್ತು. ಮನೆಗೆ ಬಂದು ಕೇಳಿದಾಗ ನೀವು, ಅವಳು ನಿದ್ದೆಯಲ್ಲೇ ಇದ್ದಳು, ಏನೂ ಹೇಳಲಿಲ್ಲ ಎಂದಿರಿ. ಬಸ್ಸಿನಿಂದ ನಾನು ಮತ್ತೆ ಅದನ್ನೇ ಕೇಳಿದೆ: "ಅಮ್ಮಿ ಅವತ್ತು ನನ್ನ ಹೆಸರು ಹೇಳಿದ್ದಳಾ?" ನೀವು ಹೌದು ಎಂದು ತಲೆಯಾಡಿಸಿದಿರಿ.

ನನ್ನ ತುಟಿ ಕಾಣಲಿಲ್ಲ ಎಂದು ಬರೆದಿದ್ದೀರಿ. ಆದರೂ ಕೇಳುತ್ತೇನೆ. ಅವಳು ಹೇಳಿದ್ದಳಾ? ಹೇಳಿದ್ದರೆ ಬೆಳಿಗ್ಗೆಯೇ ನನ್ನನ್ನು ಯಾಕೆ ಕರೆಸಲಿಲ್ಲ?

ಅಂಬರೀನ್

*

ಹೊಸಕೋಟೆ
22 ನವೆಂಬರ್ 2025, ಶನಿವಾರ

ಅಬ್ಬಾ,

ಹನ್ನೆರಡು ದಿನವಾಯಿತು, ಕಾಗದವಿಲ್ಲ. ನವಾಜ್ ಭಾಯಿಗೆ ಫೋನ್ ಮಾಡಿದೆ. "ಚೆನ್ನಾಗೇ ಅವ್ರೆ ಕಣಮ್ಮ. ಮಾತು ಕಮ್ಮಿ ಮಾಡವ್ರೆ. ಮೊದ್ಲೇನು ಜಾಸ್ತಿ ಆಡ್ತಿದ್ರಾ?" ಅಂದರು. ನಾನು ಕೇಳಿದ್ದು ತಪ್ಪಾಗಿದ್ದರೆ ಉತ್ತರ ಬರೆಯಬೇಡಿ. ಗಂಟೆ ಬರೆದು, ಏನು ಅಡುಗೆ ಮಾಡಿದಿರಿ ಎಂದು ಬರೆಯಿರಿ, ಸಾಕು.

ಗುರುವಾರ ಒಂದು ತಪ್ಪು ಮಾಡಿದೆ. ಮತ್ತೆ ತಸ್ಮಿಯಾಳ ಸರದಿ ಬಂದಿತ್ತು. ಅವಳು ಬುಧವಾರ ಮತ್ತು ಶುಕ್ರವಾರದ ಚೀಟಿಗಳನ್ನು ಎರಡು ಕೈಯಲ್ಲಿ ಹಿಡಿದು ಹಲಗೆಯ ಮುಂದೆ ಸುಮ್ಮನೆ ನಿಂತಳು. ಯಾವುದು ಹಾಕಹೋದರೂ ಹಿಂದಿನಿಂದ ಉಲ್ಟಾ ಉಲ್ಟಾ ಎಂದು ಕೂಗುತ್ತಿದ್ದರು. ಅವಳು ತಿರುಗಿ ಎಲ್ಲರನ್ನೂ ನೋಡಿ ನಕ್ಕಳು. ಅಮ್ಮಿ ನಕ್ಕ ಹಾಗೆಯೇ. ನಾನು ಎದ್ದು ಹೋದದ್ದು ನನಗೇ ಗೊತ್ತಾಗಲಿಲ್ಲ. ಅವಳ ಪಕ್ಕ ಮಂಡಿಯೂರಿ ನಮ್ಮ ಮಾತಿನಲ್ಲೇ ಹೇಳಿದೆ: "ಗಯಾ ಸೋ ಕಲ್, ನಿನ್ನೆ. ಆತಾ ಸೋ ಕಲ್, ನಾಳೆ." ಹೋಗಿಬಿಟ್ಟ ಕಲ್ ನಿನ್ನೆ, ಬರುತ್ತಿರುವ ಕಲ್ ನಾಳೆ. ಎರಡು ಸಲ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ, ಈ ಮಿಸ್‌ಗೆ ನಮ್ಮ ಮನೆ ಮಾತು ಹೇಗೆ ಬಂತು ಎನ್ನುವ ಹಾಗಿತ್ತು. ಆಮೇಲೆ ಚೀಟಿಗಳನ್ನು ಸರಿಯಾಗಿ ಸಿಕ್ಕಿಸಿದಳು.

ಲಕ್ಕಮ್ಮ ಟೀಚರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಇಲ್ಲ ಅಂದ್ಕೊಂಡು ಕೂತ್ಕೊ ಅಂದ್ರೆ ಎದ್ದೇ ಬಂದ್ಬಿಟ್ಟೆಯಲ್ಲಮ್ಮ" ಅಂದರು. ಇಂಟರ್ನ್‌ಶಿಪ್ಪಿಗೆ ಮೊದಲೇ ನನ್ನ ಹೆಸರು ಕೆಟ್ಟಿತು ಎಂದುಕೊಂಡೆ. ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಅವರೇ ಪಕ್ಕಕ್ಕೆ ಬಂದರು. "ಇಪ್ಪತ್ತೆಂಟು ವರ್ಷ ಆಯ್ತು ನಾನು ಟೀಚರಾಗಿ. ಈ ಮಕ್ಕಳು ಯಾಕೆ ನಿನ್ನೆ ನಾಳೆ ತಿರುಗಾಮುರುಗಾ ಮಾಡ್ತವೆ ಅಂತ ಒಬ್ರೂ ನಂಗೆ ಹೇಳ್ಲಿಲ್ಲ ನೋಡು" ಎಂದು ಹೇಳಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾಂಬಾರ್ ಹಾಕಿಸಿದರು.

ಇಂಟರ್ನ್‌ಶಿಪ್ ಯಾವ ಶಾಲೆಯಲ್ಲಿ ಎಂದು ಶುಕ್ರವಾರ 28ರೊಳಗೆ ಬರೆದು ಕೊಡಬೇಕು. ಈ ಶಾಲೆಯನ್ನೇ ಕೇಳಬಹುದು, ಇಲ್ಲವೇ ನಮ್ಮ ಊರಿನ ಒಂದನ್ನು ಕೇಳಬಹುದು. ಊರಿಗೆ ಬಂದರೆ ನಾಲ್ಕು ತಿಂಗಳು ಮನೆಯಲ್ಲೇ ಇರುತ್ತೇನೆ. ನಾನು ಈಗ ನಂದಗುಡಿ ಕಡೆಯ ಈ ಶಾಲೆಯನ್ನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನೀವು ಬಾ ಎಂದರೆ ಅಳಿಸುತ್ತೇನೆ. ನೀವು ಯಾವತ್ತೂ ಬಾ ಎಂದು ಬರೆದಿಲ್ಲ. ನಾನು ಎದುರಿಗೆ ಬರುವುದು ನಿಮಗೆ ಕಷ್ಟವೋ ಏನೋ.

ಅಂಬರೀನ್

*

ದೊಡ್ಡಬಳ್ಳಾಪುರ
25 ನವೆಂಬರ್ 2025, ಮಂಗಳವಾರ

ಅಂಬರೀನ್ ಬೇಟಾ,

ಮಧ್ಯಾಹ್ನ ಮೂರೂಕಾಲು. ಇವತ್ತು ಅರ್ಧ ದಿನ ರಜೆ ಕೇಳಿದೆ. ಚಿಕ್ಕಬೀರಪ್ಪನವರು ಕೊಟ್ಟರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು. ಬರೆದ ಕೂಡಲೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.

ಅವಳು ನಿದ್ದೆಯಲ್ಲಿರಲಿಲ್ಲ. ನಾನು ನಿನಗೆ ಸುಳ್ಳು ಹೇಳಿದ್ದೆ.

ಆ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅಮ್ಮಿ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ಮಾಸ್ಕ್ ಹಾಕಿದ ದಿನದಿಂದ ಅವಳ ಮಾತು ನನಗೆ ನಿಂತುಹೋಗಿತ್ತು, ತುಟಿ ಕಾಣುತ್ತಿರಲಿಲ್ಲವಲ್ಲ. ಅವಳಿಗೂ ಅದು ಗೊತ್ತು. ಅದಕ್ಕೇ ಕೈಯಿಂದ ಅದನ್ನು ಪಕ್ಕಕ್ಕೆ ಸರಿಸಿದಳು. "ಕಲ್ ಅಂಬರೀನ್" ಎಂದಳು. ಇಷ್ಟು ಸರಿಯಾಗಿ ಕಂಡಿತು. ಮುಂದೆ ಇನ್ನೊಂದು ಮಾತಿತ್ತು. ಅಷ್ಟರಲ್ಲಿ ನರ್ಸಮ್ಮ ಓಡಿ ಬಂದು ಮಾಸ್ಕ್ ಸರಿಯಾಗಿ ಇಟ್ಟರು. ಅವರ ಕೆಲಸ ಅವರು ಮಾಡಿದರು. ಕೊನೆಯ ಮಾತು ಮಾಸ್ಕಿನ ಒಳಗೇ ಆಡಿದಳು. ಗಾಜಿನಂಥ ಪ್ಲಾಸ್ಟಿಕ್ಕು, ಆದರೆ ಒಳಗೆಲ್ಲ ಹಬೆ ಕಟ್ಟಿತ್ತು.

ಕಲ್ ಅಂಬರೀನ್ ಆಯೀ ಎಂದಳೋ, ನಿನ್ನೆ ಬಂದಿದ್ದಳು ಎಂದು. ಕಲ್ ಅಂಬರೀನ್ ಆತೀ ಎಂದಳೋ, ನಾಳೆ ಬರುತ್ತಾಳೆ ಎಂದು. ಅಂಬರೀನಳನ್ನು ಕರೆಸು ಎಂದಳೋ. ನನಗೆ ಗೊತ್ತಾಗಲಿಲ್ಲ. ಮತ್ತೆ ಹೇಳು ಎಂದು ಸನ್ನೆ ಮಾಡುವ ಹೊತ್ತಿಗೆ ಕಣ್ಣು ಮುಚ್ಚಿದಳು.

ನವಾಜ್ ವಾರ್ಡಿನ ಹೊರಗೇ ಇದ್ದ. ಒಂದು ಮಾತು ಹೇಳಿದ್ದರೆ ನಿನ್ನ ಕಾಲೇಜಿಗೆ ಫೋನ್ ಮಾಡುತ್ತಿದ್ದ. ನೀನು ಹನ್ನೆರಡೂವರೆಗೆ ಬಂದುಬಿಡುತ್ತಿದ್ದೆ. ಅವಳು ಎರಡಕ್ಕೆ ಹತ್ತು ನಿಮಿಷ ಇರುವಾಗ ಹೋದಳು. ಗಡಿಯಾರ ನೋಡಿದ್ದೇನೆ. ನಾನು ಕರೆಸಲಿಲ್ಲ. ಡಾಕ್ಟರು ಪರವಾಗಿಲ್ಲ ಎಂದಿದ್ದರು. ನಾಳೆ ಎಂದೇ ಅಂದಿದ್ದಾಳೆ, ಇವತ್ತು ಹುಡುಗಿಯ ಮೊದಲನೇ ಶಾಲೆ ದಿನ, ನಾಳೆಯೇ ಕರೆಸಿದರಾಯಿತು ಎಂದುಕೊಂಡೆ. ನನಗೆ ಯಾವ ಅರ್ಥ ಬೇಕಾಗಿತ್ತೋ ಅದನ್ನು ತೆಗೆದುಕೊಂಡೆ.

ಕನ್ನಡದಲ್ಲಿ ಹೇಳಿದ್ದರೆ ತುಟಿಯಲ್ಲೇ ತಿಳಿಯುತ್ತಿತ್ತು. ಇದು ಅವಳೇ ನನಗೆ ತೋರಿಸಿದ್ದು. ನೀನು ಶಾಲೆಯೊಳಗೆ ಬರಬೇಡ ಎಂದ ಮೇಲೆ ಅವಳು ತಿಂಗಳುಗಟ್ಟಲೆ ನನ್ನ ಎದುರಿಗೆ ಕೂತು ಆ ಎರಡು ಮಾತನ್ನು ಕಲಿತಳು. ನಾಳೆ ಅನ್ನುವಾಗ ಬಾಯಿ ತೆರೆಯುತ್ತದೆ, ತುತ್ತು ಇಡಬಹುದು. ನಿನ್ನೆ ಅನ್ನುವಾಗ ಬಾಯಿ ತೆರೆಯುವುದಿಲ್ಲ. ಯಾಕೆಂದರೆ ನಿನ್ನೆಯ ತುತ್ತು ತಿಂದಾಯಿತಲ್ಲ, ಅಂದಳು. ಅಲ್ಲಿಂದಾಚೆ ತಪ್ಪಲಿಲ್ಲ. ಆದರೂ ಗೇಟಿನ ಹೊರಗೇ ನಿಂತಳು, ನೀನು ಬಾ ಎನ್ನಲಿ ಎಂದು ಕಾದಳು. ಅವಳಿಗೆ ನೋವಾಗಿತ್ತು ಬೇಟಾ. ಆಗಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ನಿನ್ನ ಮೇಲೆ ಕೋಪ ಇರಲಿಲ್ಲ. ನಮ್ಮ ಹುಡುಗಿಯ ಕನ್ನಡ ಎಷ್ಟು ಚೊಕ್ಕ ಎಂದು ಬೀದಿಗೆಲ್ಲ ಹೇಳುತ್ತಿದ್ದಳು.

ಬರಬೇಡ, ಓದಿಕೊ ಎಂದು ನಾನು ಬರೆದದ್ದು ನಿನ್ನನ್ನು ನೋಡಲಾರದೆ ಅಲ್ಲ. ನೀನು ಎದುರಿಗೆ ನಿಂತು ಕೇಳಿದರೆ ನಿನ್ನ ತುಟಿ ನನಗೆ ಸ್ಪಷ್ಟವಾಗಿ ಕಾಣುತ್ತದೆ, ಆಗ ಕಾಣಲಿಲ್ಲ ಎನ್ನಲಾಗುವುದಿಲ್ಲ. ಅದಕ್ಕೆ ಹೆದರಿದೆ.

ಪೆನ್ಸಿಲ್ ಅಳಿಸಬೇಡ. ಆ ಮಗುವಿಗೆ ನೀನು ಬೇಕು. ನನಗೂ ಬೇಕು, ಆದರೆ ನಾನು ಗುಂಡು ನೋಡಿ ಎಣಿಸುವುದನ್ನು ಕಲಿತಿದ್ದೇನೆ.

ಬಾ ಎಂದು ಇವತ್ತು ಬರೆಯುತ್ತಿದ್ದೇನೆ. ಯಾವತ್ತು ಬರುತ್ತೀಯೋ ಬಾ. ನನ್ನ ಮೇಲೆ ಸಿಟ್ಟಿದ್ದರೂ ಬಾ.

ನಾಳೆ ಮಗ್ಗ ಎಂಟಕ್ಕೆ ಶುರು.

ಅಬ್ಬಾ

*

ಹೊಸಕೋಟೆ
27 ನವೆಂಬರ್ 2025, ಗುರುವಾರ

ಅಬ್ಬಾ, ಸಲಾಂ.

ಶಾಲೆಯಿಂದ ಬರುವಷ್ಟರಲ್ಲಿ ನಿಮ್ಮ ಕಾಗದ ವಾರ್ಡನ್ ಮೇಜಿನ ಮೇಲಿತ್ತು. ಓದಿ ಟೆರೇಸಿಗೆ ಹೋದೆ. ಸಿಟ್ಟು ಬರಲಿಲ್ಲ ಎಂದು ಬರೆಯಲಾರೆ. ಹನ್ನೆರಡೂವರೆಗೆ ಬಂದುಬಿಡುತ್ತಿದ್ದೆ ಎಂಬ ಸಾಲು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ಅರ್ಪಿತ ಬಂದು ಪಕ್ಕದಲ್ಲಿ ಕೂತಳು. ಗೆಳೆಯರ ಸಹಾಯದ ಗುಂಪು.

ಆಮೇಲೆ ನನಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲ ಎಂಬುದು ಹೊಳೆಯಿತು. ನಾನೂ ಒಂದನ್ನು ಮುಚ್ಚಿಟ್ಟಿದ್ದೆ.

ಅಮ್ಮಿ ಹೋಗುವ ಹಿಂದಿನ ದಿನ, ಬುಧವಾರ ಸಂಜೆ, ನೀವು ಆಸ್ಪತ್ರೆಯಲ್ಲಿ ಔಷಧಿ ತರಲು ಕೆಳಗೆ ಹೋಗಿದ್ದಿರಿ. ಅಮ್ಮಿ ಮಾಸ್ಕಿನೊಳಗಿಂದಲೇ, ಕಲ್ ಆತೀ ಕ್ಯಾ ಎಂದು ಕೇಳಿದಳು. ನನಗೆ ಕೇಳಿಸುತ್ತದಲ್ಲ. ನಾಳೆ ಆಗುವುದಿಲ್ಲ, ಶಾಲೆಗೆ ಮೊದಲನೇ ದಿನ ಹೋಗಬೇಕು, ಶುಕ್ರವಾರ ಬರುತ್ತೇನೆ ಎಂದೆ. ಅವಳು ನನ್ನ ಕೈ ಬಿಟ್ಟು, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಬೇಡ, ಮೂರನೇ ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೆ, ಎಂದು ತಮಾಷೆ ಮಾಡಿದಳು. ಅದೇ ಕೊನೆ. ಅವಳು ಕೇಳಿದಳು, ನಾನು ಇಲ್ಲ ಎಂದೆ. ನಿಮಗೆ ಹೇಳಲು ಬಾಯಿ ಬರಲಿಲ್ಲ. ನೀವು ಕರೆಸಲಿಲ್ಲ ಎಂದು ದೂರಿದರೆ, ನಾನು ಇಲ್ಲ ಎಂದದ್ದು ಮುಚ್ಚಿಹೋಗುತ್ತದೆ ಅನ್ನಿಸಿತ್ತು.

ಅಬ್ಬಾ, ಶುಕ್ರವಾರ ಬರುತ್ತೇನೆ ಎಂದು ಅವಳಿಗೆ ಹೇಳಿದ್ದೆ. ನಿಮಗೆ ಅವಳು ಕಲ್ ಅಂಬರೀನ್ ಎಂದದ್ದು ಗುರುವಾರ. ಗುರುವಾರದ ಕಲ್ ಎಂದರೆ ಶುಕ್ರವಾರ. ನಾಳೆ ಅಂಬರೀನ್ ಬರುತ್ತಾಳೆ ಎಂದೇ ಹೇಳಿರಬೇಕು. ನಿನ್ನೆ ಬಂದಿದ್ದಳು ಎಂದರೂ ಸರಿಯೇ, ಬಂದಿದ್ದೆನಲ್ಲ. ಕರೆಸು ಎಂದಿರಲೂಬಹುದು. ಅದು ಇಬ್ಬರಿಗೂ ಇನ್ನು ತಿಳಿಯುವುದಿಲ್ಲ. ನಾನು ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ನೀವು ಅವತ್ತು ತೆಗೆದುಕೊಂಡ ಅರ್ಥವೂ ಅದೇ.

ಇವತ್ತಿನದು ಇನ್ನೊಂದಿದೆ. ಬೆಳಿಗ್ಗೆ ತಸ್ಮಿಯಾ ಓಡಿಬಂದು, "ನಮ್ಮಮ್ಮಿ ನಿನ್ನೆ ಬಂದ್ರು ಮಿಸ್" ಅಂದಳು. ಲಕ್ಕಮ್ಮ ಟೀಚರ್, "ನಾಳೆ ಬರ್ತಾರೆ ಅನ್ನು" ಎಂದು ತಿದ್ದಿದರು. ಅವಳು ಒಪ್ಪಲಿಲ್ಲ. "ಇಲ್ಲ ಮಿಸ್, ನಿನ್ನೆ. ಗಯಾ ಸೋ ಕಲ್" ಎಂದು ಗೇಟಿನ ಕಡೆ ಬೆರಳು ತೋರಿಸಿದಳು. ಗೇಟಿನ ಹೊರಗೆ ಒಬ್ಬ ಹೆಂಗಸು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಟೀಚರು ನನ್ನ ಮುಖ ನೋಡಿ, ತಪ್ಪು ನಂದೇ ಕಣಮ್ಮ, ಎಂದು ನಕ್ಕರು.

ನಾನು ಹೋಗಿ ಗೇಟು ತೆಗೆದೆ. ಒಳಗೆ ಬನ್ನಿ ಎಂದೆ. ಆ ತಾಯಿ ಬೇಡ ಬೇಡ ಎಂದು ಹಿಂದೆ ಸರಿದರು, ಕನ್ನಡ ಸರಿಯಾಗಿ ಬರುವುದಿಲ್ಲ ಎಂದರು. ನಮ್ಮ ಮಾತಿನಲ್ಲಿ ಇನ್ನೊಂದು ಸಲ ಕರೆದೆ. ಬಂದರು. ತಸ್ಮಿಯಾ ಅವರನ್ನು ಹಲಗೆಯ ಮುಂದೆ ನಿಲ್ಲಿಸಿ, ಬುಧವಾರದ ಚೀಟಿಯನ್ನು ಕೈಯಿಂದ ಮುಟ್ಟಿ ತೋರಿಸಿದಳು.

ವೀಕ್ಷಣಾ ಪುಸ್ತಕದಲ್ಲಿ ಹಳೆಯ ಸಾಲನ್ನು ಹೊಡೆದು ಹಾಕಿದೆ. ಗೊಂದಲ ಮಗುವಿಗಲ್ಲ, ವೀಕ್ಷಿಸಿದವರಿಗೆ ಎಂದು ಬರೆದೆ.

ಪೆನ್ಸಿಲಿನ ಮೇಲೆ ಪೆನ್ನಿನಲ್ಲಿ ಬರೆದಾಯಿತು. ನಾಳೆ ಕೊಡುತ್ತೇನೆ. ಇಂಟರ್ನ್‌ಶಿಪ್ ಸೋಮವಾರ ಶುರು. ಭಾನುವಾರ ಮನೆಗೆ ಬರುತ್ತೇನೆ, ಸಂಜೆ ಹಿಂದಿರುಗುತ್ತೇನೆ. ಮುಂದಿನ ಭಾನುವಾರವೂ. ಎದುರಿಗೆ ಕೂತು ಇದನ್ನೆಲ್ಲ ಮತ್ತೆ ಹೇಳುತ್ತೇನೆ, ನಿಧಾನವಾಗಿ, ನಿಮಗೆ ಕಾಣುವ ಹಾಗೆ.

ಇದನ್ನೂ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.

ಅಂಬರೀನ್

*

ದೊಡ್ಡಬಳ್ಳಾಪುರ
29 ನವೆಂಬರ್ 2025, ಶನಿವಾರ

ಅಂಬರೀನ್ ಬೇಟಾ,

ಸಂಜೆ ಆರು ಹತ್ತು. ಇದನ್ನು ಅಂಚೆಗೆ ಹಾಕುವುದಿಲ್ಲ. ಇದು ಹೊಸಕೋಟೆ ಸೇರುವ ಹೊತ್ತಿಗೆ ನೀನು ಇಲ್ಲಿಗೆ ಬಂದು ಹೋಗಿರುತ್ತೀಯ. ಡೈರಿಯ ಬದಲು ಇದರಲ್ಲಿ ಬರೆಯುತ್ತಿದ್ದೇನೆ.

ನಿನ್ನ ಕಾಗದ ಎರಡು ಗಂಟೆಗೆ ಬಂತು. ಮಗ್ಗ ನಿಲ್ಲಿಸಿ ಓದಿದೆ. ಚಿಕ್ಕಬೀರಪ್ಪನವರು ದೂರದಿಂದ ನೋಡಿ ತಮ್ಮ ಮಗ್ಗವನ್ನೂ ನಿಲ್ಲಿಸಿ ಬಂದರು. ಏನಾಯ್ತು ಎಂದರು. ಏನಿಲ್ಲ, ಹೆಂಡತಿ ಏನೋ ಹೇಳಿದ್ದಳು, ಈಗ ಗೊತ್ತಾಯಿತು ಎಂದೆ. ಅವರು ನನ್ನ ಭುಜ ತಟ್ಟಿ ತಮ್ಮ ಮಗ್ಗಕ್ಕೆ ಹೋದರು.

ನಾನು ಅವತ್ತು ತೆಗೆದುಕೊಂಡ ಅರ್ಥವೂ ಅದೇ ಎಂದು ಬರೆದಿದ್ದೀಯ. ಪೂರ್ತಿ ನಂಬಲು ಇನ್ನೂ ಆಗುತ್ತಿಲ್ಲ. ಆದರೆ ಅವಳು ಬುಧವಾರ ನಿನಗೆ ತಮಾಷೆ ಮಾಡಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಔಷಧಿ ಹಿಡಿದು ಮೇಲೆ ಬಂದಾಗ ಅವಳ ಕಣ್ಣು ನಗುತ್ತಿತ್ತು. ಯಾಕೆಂದು ಎಪ್ಪತ್ತೊಂಬತ್ತು ದಿನ ಯೋಚಿಸಿದ್ದೆ.

ಕೋಳಿ ಬೆಳಿಗ್ಗೆಯೇ ತಂದರೆ ಒಳ್ಳೆಯದು ಎಂದು ನವಾಜ್ ಹೇಳಿದ. ಅಕ್ಕಿ ಆರಿಸಿಟ್ಟೆ. ಪುದೀನ ಹೊಸದಾಗಿ ಚಿಗುರಿದೆ, ಎರಡು ಹಿಡಿಯಷ್ಟು ಸಿಗುತ್ತದೆ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದೆ. ಆಮೇಲೆ ಅಮ್ಮಿಯ ಕನ್ನಡಿಯ ಮುಂದೆ ನಿಂತು ನಿನ್ನೆ, ನಾಳೆ ಎಂಬ ಆ ಎರಡು ಮಾತನ್ನೂ ಹೇಳಿ ನೋಡಿದೆ. ಅವಳು ಹೇಳಿದ್ದು ಸರಿ.

ನಾಳೆ ಭಾನುವಾರ. ಹತ್ತು ಗಂಟೆಯ ಬಸ್ಸಿಗೆ ಅಂಬರೀನ್ ಬರುತ್ತಾಳೆ.